ಪ್ರತಿಕ್ರಿಯೆ: ಕರೆಂಟ್ ಹೋದಾಗ ಮೈನಸ್ 80 ಡಿಗ್ರಿಯ ಫ್ರೀಜರ್

ರಾತ್ರಿ ಕರೆಂಟ್ ಹೋಗಿ ಜನರೇಟರ್ ಕೂಡ ಕೈಕೊಟ್ಟರೆ ಅದರಲ್ಲಿರುವ ಆರ್‌ಎನ್‌ಎ (ಜೀವಕೋಶಗಳಲ್ಲಿರುವ, ಬೇಗ ಹಾಳಾಗುವ ಅಣು) ಸ್ಯಾಂಪಲ್ ಉಳಿಸುವುದು ಹೇಗೆ ಅಂತ ಕೇಳಿದ್ದೀರಿ. ಮೊದಲು, ಬಾಗಿಲು ತೆಗೆಯಲೇಬೇಡಿ. ಏನಾಗಿದೆ ನೋಡೋಣ ಅಂತ ಸುಮ್ನೆ ಒಮ್ಮೆ ತೆರೆದರೂ ಒಳಗಿನ ತಣ್ಣನೆ ಗಾಳಿ ಬಿಳಿ ಹೊಗೆಯಂತೆ ಕಾಲ ಮೇಲೆ ಸುರಿದು ಹೋಗುತ್ತದೆ.

ಹೊತ್ತು ಜಾಸ್ತಿಯಾಗುವಂತಿದ್ದರೆ ಡ್ರೈ ಐಸ್, ಅಂದ್ರೆ ನೀರಾಗದೆ ನೇರವಾಗಿ ಗ್ಯಾಸ್ ಆಗುವ ಗಟ್ಟಿ ಕಾರ್ಬನ್ ಡೈಆಕ್ಸೈಡ್, ತರಿಸಿ. ಅದು ಮೈನಸ್ 78.5 ಡಿಗ್ರಿ ಇರುತ್ತದೆ, ಸಾಕು. ಟ್ಯೂಬ್‌ಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿ ಅದರೊಳಗೆ ಹೂತಿಡಿ. ಮುಚ್ಚಳಕ್ಕೆ ಟೇಪ್ ಸುತ್ತಬೇಡಿ, ಗ್ಯಾಸ್ ಹೊರಗೆ ಹೋಗಬೇಕು. ಕಿಟಕಿಯೂ ತೆರೆದಿರಲಿ, ಇಕ್ಕಟ್ಟಾದ ಕೋಣೆಯಲ್ಲಿ ಆ ಗ್ಯಾಸ್ ಉಸಿರು ಕಟ್ಟಿಸುತ್ತದೆ.

ಪಿಎಚ್‌ಡಿಯಲ್ಲಿದ್ದಾಗ ಎಲ್ಲಾ ಟ್ಯೂಬ್ ಒಂದೇ ಫ್ರೀಜರ್‌ನಲ್ಲಿಟ್ಟು ಕಳೆದುಕೊಂಡು ಅತ್ತಿದ್ದೇನೆ. ಮತ್ತೆ ಸಿಗದ ಸ್ಯಾಂಪಲ್ ಇದ್ದರೆ ದಯವಿಟ್ಟು ಇವತ್ತೇ ಅರ್ಧದಷ್ಟನ್ನು ಬೇರೆ ಕಟ್ಟಡದ ಫ್ರೀಜರ್‌ಗೆ ಸಾಗಿಸಿ.