ಡೌನ್ ಸಿಂಡ್ರೋಮ್ ಇರೋ ಮಗುಗೆ ಸಪೋರ್ಟ್ ಎಲ್ಲಿ ಸಿಗುತ್ತೆ, ಎಲ್ಲಿಂದ ಶುರು ಮಾಡ್ಬೇಕು?

ಕಾರ್ಡು ಗೀರ್ಡು ಆಮೇಲೆ, ಮೊದ್ಲು ಹಾರ್ಟ್ ಎಕೋ (ಹಾರ್ಟಿನ ಸ್ಕ್ಯಾನ್), ಥೈರಾಯ್ಡ್ ಟೆಸ್ಟ್ ಮಾಡಿಸಿ, ಯಾಕಂದ್ರೆ ಇಂಥ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳಿಗೆ ಹುಟ್ಟಿಂದ್ಲೇ ಹಾರ್ಟ್ ತೊಂದ್ರೆ ಇರುತ್ತೆ. ಆಮೇಲೆ ಯುಡಿಐಡಿ, ಅಂದ್ರೆ ಅಂಗವಿಕಲರ ಗುರುತಿನ ಕಾರ್ಡ್‌ಗೆ ಆನ್‌ಲೈನಲ್ಲಿ ಅಪ್ಲೈ ಮಾಡಿ, ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನವ್ರ ನಿರಾಮಯ ಹೆಲ್ತ್ ಇನ್ಶೂರೆನ್ಸೂ ಮಾಡಿಸಿ, ವರ್ಷಕ್ಕೆ 1 ಲಕ್ಷದವರೆಗೆ ಕವರ್ ಇದೆ, ಥೆರಪಿ ಖರ್ಚೂ ಒಂದಿಷ್ಟು ಬರುತ್ತೆ.

ತುಂಬಾ ಜನ ಮರೆಯೋದು ಮಗು ಪರವಾಗಿ ಕಾನೂನು ಪ್ರಕಾರ ನಿರ್ಧಾರ ತಗೊಳ್ಳೋ ಹಕ್ಕು, ಅಂದ್ರೆ ಗಾರ್ಡಿಯನ್‌ಶಿಪ್. 18 ತುಂಬಿದ್ಮೇಲೆ ಅಪ್ಪ ಅಮ್ಮನೇ ತಾನಾಗಿ ಗಾರ್ಡಿಯನ್ ಆಗಿ ಮುಂದುವರಿಯಲ್ಲ (ಬ್ಯಾಂಕಲ್ಲಿ ಕೇಳಿದಾಗ್ಲೇ ಎಷ್ಟೋ ಜನಕ್ಕೆ ಗೊತ್ತಾಗೋದು), 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲೆಯ ಲೋಕಲ್ ಲೆವೆಲ್ ಕಮಿಟಿಗೆ ಅರ್ಜಿ ಹಾಕ್ಬೇಕು, ಡಿಸಿ ಆಫೀಸಲ್ಲಿ ವಿಚಾರಿಸಿ.

ಸ್ಪೀಚ್ ಥೆರಪಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಥೆರಪಿಗೆ ಬರೋ ಬೇರೆ ಪೋಷಕರ ಪರಿಚಯ ಮಾಡ್ಕೊಳ್ಳಿ, ಯಾವ ಸ್ಕೂಲಲ್ಲಿ ತಕರಾರಿಲ್ಲದೆ ಸೇರಿಸ್ಕೋತಾರೆ ಅನ್ನೋದು ಅವ್ರಿಗೇ ಚೆನ್ನಾಗಿ ಗೊತ್ತಿರುತ್ತೆ.