ಆರೋಗ್ಯ ಪ್ರಶ್ನೋತ್ತರ: ಬಡಿತ ತಪ್ಪಿದ್ದು ಹೃದಯದ್ದು, ಕಾಯಿಲೆ ಕೊರಳಿನದು

ಪ್ರಶ್ನೆ: ನಮ್ಮ ತಾಯಿಗೆ 67 ವರ್ಷ. ನಾಲ್ಕು ತಿಂಗಳಲ್ಲಿ ಆರು ಕಿಲೋ ಇಳಿದಿದ್ದಾರೆ, ಸುಸ್ತು, ಊಟ ಸೇರುವುದಿಲ್ಲ. ಎದೆ ಡವಡವ ಎನ್ನುತ್ತದೆ ಎಂದು ಇಸಿಜಿ ಮಾಡಿಸಿದಾಗ ‘ಏಟ್ರಿಯಲ್ ಫಿಬ್ರಿಲೇಶನ್’ ಎಂದರು. ಹೃದ್ರೋಗ ತಜ್ಞರು ರಕ್ತ ಪರೀಕ್ಷೆ ಮಾಡಿಸಿ, ಟಿಎಸ್‌ಎಚ್ 0.01 ಇದೆ, ಮೊದಲು ಥೈರಾಯ್ಡ್‌ಗೆ ಚಿಕಿತ್ಸೆ ಆಗಲಿ ಎಂದು ಬೇರೆ ವೈದ್ಯರ ಬಳಿ ಕಳಿಸಿದ್ದಾರೆ. ಅಮ್ಮನಿಗೆ ಗಳಗಂಡವಿಲ್ಲ, ಕಣ್ಣು ಉಬ್ಬಿಲ್ಲ. ಹೃದಯದ ತೊಂದರೆಗೆ ಥೈರಾಯ್ಡ್ ಮಾತ್ರೆ ನುಂಗಿಸುವುದು ಸರಿಯೇ? ರಕ್ತ ತೆಳುವಾಗುವ ಮಾತ್ರೆಯನ್ನು ಜೀವನವಿಡೀ ತೆಗೆದುಕೊಳ್ಳಬೇಕೇ?
– ಓದುಗರು, ತಿಪಟೂರು

ಉತ್ತರ: ನಿಮ್ಮ ಹೃದ್ರೋಗ ತಜ್ಞರು ಜವಾಬ್ದಾರಿ ಜಾರಿಸಿಲ್ಲ, ಮಾಡಬೇಕಾದುದನ್ನೇ ಮಾಡಿದ್ದಾರೆ. ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಯನ್ನು ದುಡಿಸಲು ಮಿದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನು. ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಅದು ಹೀಗೆ ತೀರಾ ಇಳಿಯುತ್ತದೆ. ಥೈರಾಯ್ಡ್ ಹಾರ್ಮೋನು ಮಿತಿಮೀರಿದಾಗ ಮೊದಲು ದೂರು ಹೇಳುವ ಅಂಗ ಅನೇಕ ಸಲ ಹೃದಯವೇ. 1835ರಲ್ಲಿ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ ಈ ಕಾಯಿಲೆಯನ್ನು ವರ್ಣಿಸಿದ್ದು ಕೂಡ ಎದೆಬಡಿತ ನಿಲ್ಲದೆ ನರಳುತ್ತಿದ್ದ ಮೂವರು ಹೆಂಗಸರನ್ನು ಕಂಡು. ಆ ಹೆಂಗಸರ ಕೊರಳಿನ ಥೈರಾಯ್ಡ್ ಗ್ರಂಥಿ ದೊಡ್ಡದಾಗಿದ್ದುದು ಗ್ರೇವ್ಸ್ ಅವರ ಗಮನ ಸೆಳೆಯಿತು.

ಹಾರ್ಮೋನು ಹೆಚ್ಚಾದಾಗ ಹೃದಯದ ಬಡಿತ ಆರಂಭವಾಗುವ ಜಾಗವೇ ಚುರುಕಾಗುತ್ತದೆ, ಸ್ನಾಯು ಬಲವಾಗಿ ಕುಗ್ಗುತ್ತದೆ, ಮೈಯ ಸಣ್ಣ ರಕ್ತನಾಳಗಳು ಹಿಗ್ಗುವುದರಿಂದ ಹೃದಯವು ಮಾಮೂಲಿಗಿಂತ ಹೆಚ್ಚು ರಕ್ತವನ್ನು ತಳ್ಳಬೇಕಾಗುತ್ತದೆ. ಹೀಗೆ ತಿಂಗಳುಗಟ್ಟಲೆ ದುಡಿದ ಮೇಲೆ, ಅದರಲ್ಲೂ ವಯಸ್ಸಾದವರಲ್ಲಿ, ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳು ಲಯ ಕಳೆದುಕೊಂಡು ನಿಮಿಷಕ್ಕೆ 300ಕ್ಕೂ ಮೀರಿ ಅದುರತೊಡಗುತ್ತವೆ. ಏಟ್ರಿಯಲ್ ಫಿಬ್ರಿಲೇಶನ್ ಎಂದರೆ ಇದೇ. ಅದುರುವ ಕೋಣೆ ಸರಿಯಾಗಿ ಖಾಲಿಯಾಗುವುದಿಲ್ಲ. ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು ಬಡಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು (ಅದು ರಕ್ತವನ್ನು ತೆಳುಮಾಡುವುದಿಲ್ಲ, ಆ ಹೆಸರು ರೂಢಿಗೆ ಬಂದುಬಿಟ್ಟಿದೆ) ಕೊಡುವುದು ಈ ಕಾರಣಕ್ಕೆ.

ಗಳಗಂಡವಿಲ್ಲ, ಕಣ್ಣು ಉಬ್ಬಿಲ್ಲ ಎಂಬ ನಿಮ್ಮ ಅನುಮಾನ ಸಹಜವೇ ಆದರೂ ಅದನ್ನು ನೆಚ್ಚುವಂತಿಲ್ಲ. ಇಪ್ಪತ್ತೈದರ ಹುಡುಗಿಗೆ ಇದೇ ಕಾಯಿಲೆ ಬಂದರೆ ಕೈ ನಡುಕ, ಬೆವರು, ಸಿಡುಕು, ಹಸಿವು ಎಲ್ಲವೂ ಕಾಣುತ್ತವೆ. ಅರವತ್ತು ದಾಟಿದವರಲ್ಲಿ ಅದೇ ಕಾಯಿಲೆ ಮಂಕಾಗಿ ಬರುತ್ತದೆ: ತೂಕ ಇಳಿಯುತ್ತದೆ, ಊಟ ಬೇಡವೆನಿಸುತ್ತದೆ, ಮೂಲೆ ಹಿಡಿದು ಕೂರುತ್ತಾರೆ, ಮನೆಯವರು ‘ವಯಸ್ಸಾಯಿತು’ ಎಂದುಕೊಳ್ಳುತ್ತಾರೆ. ತಪ್ಪಿದ ನಾಡಿಯೊಂದೇ ಸುಳಿವು ಕೊಡುತ್ತದೆ. ಹೊಸದಾಗಿ ಈ ಲಯದೋಷ ಕಂಡವರಿಗೆಲ್ಲ ಟಿಎಸ್‌ಎಚ್ ಪರೀಕ್ಷೆ ಮಾಡಿಸುವುದು ಇದಕ್ಕೇ. ಆದರೆ ಒಂದು ಮಾತು: ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ಕಾಣುತ್ತದೆ, ತಾಯಿಯವರು ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಿ, ಹೌದಾದರೆ ವೈದ್ಯರಿಗೆ ತಿಳಿಸಿ. ಅಯೋಡಿನ್ ಉಪ್ಪು ಬಿಡಿಸಿದರೆ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಥೈರಾಯ್ಡನ್ನು ಹದಕ್ಕೆ ತರಲು ಕೊಡುವ ಕಾರ್ಬಿಮಜೋಲ್ ಮಾತ್ರೆ ಹೊಸ ಹಾರ್ಮೋನಿನ ತಯಾರಿಕೆಯನ್ನು ತಡೆಯುತ್ತದೆಯೇ ಹೊರತು ಗ್ರಂಥಿಯಲ್ಲಿ ಈಗಾಗಲೇ ಇರುವ ದಾಸ್ತಾನನ್ನು ಮುಟ್ಟುವುದಿಲ್ಲ. ಆದ್ದರಿಂದ ಗುಣ ಕಾಣಲು ಕೆಲವು ವಾರಗಳೇ ಬೇಕು. ಅಷ್ಟು ದಿನ ಬಡಿತವನ್ನು ಹದ್ದುಬಸ್ತಿನಲ್ಲಿಡಲು ಪ್ರೊಪ್ರನಲಾಲ್‌ನಂಥ ಮಾತ್ರೆ ಜೊತೆಗಿರುತ್ತದೆ. ಆಸ್ತಮಾ ಇದ್ದರೆ ಮರೆಯದೆ ಹೇಳಬೇಕು. ಕಾರ್ಬಿಮಜೋಲ್ ಆರಂಭಿಸಿದ ಮೇಲೆ ಜ್ವರ, ಗಂಟಲು ನೋವು ಬಂದರೆ ನೆಗಡಿ ಎಂದು ಕಷಾಯ ಕುಡಿಸಿ ಕೂರದೆ, ಮಾತ್ರೆ ನಿಲ್ಲಿಸಿ ಅಂದೇ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಿ. ಅಪರೂಪಕ್ಕೆ ಆ ಕಣಗಳು ಅಪಾಯಕಾರಿಯಾಗಿ ಕುಸಿಯುತ್ತವೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಜೀವನವಿಡೀ ಬೇಕೇ ಎಂಬುದಕ್ಕೆ ಇಂದೇ ಉತ್ತರ ಕೇಳಬೇಡಿ. ಹಾರ್ಮೋನು ಹದಕ್ಕೆ ಬಂದ ಕೆಲವೇ ತಿಂಗಳುಗಳಲ್ಲಿ ಅನೇಕರ ಲಯ ತಾನಾಗಿ ಸರಿಹೋಗುತ್ತದೆ. ವಿದ್ಯುತ್ ಆಘಾತ ಕೊಟ್ಟು ಲಯ ಸರಿಪಡಿಸಲು ವೈದ್ಯರು ಅವಸರಪಡದಿರುವುದೂ ಇದಕ್ಕೇ. ಆಮೇಲೆ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಲೆಕ್ಕ ಹಾಕಿ ಆ ಮಾತ್ರೆಯ ವಿಚಾರ ತೀರ್ಮಾನಿಸುತ್ತಾರೆ. ಅಲ್ಲಿಯವರೆಗೆ ಅದನ್ನು ಒಂದು ದಿನವೂ ತಪ್ಪಿಸಬಾರದು.

ಪ್ರಶ್ನೆ: ನಮ್ಮ ತಂದೆ ಮದ್ಯ ಮುಟ್ಟಿದವರಲ್ಲ. ಕಳೆದ ತಿಂಗಳು ರಕ್ತ ವಾಂತಿಯಾಯಿತು. ಲಿವರ್ ಸಿರೋಸಿಸ್ ಎಂದು ಹೇಳಿ, ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿಗೆ ಬ್ಯಾಂಡ್ ಹಾಕಿ ಕಾರ್ವೆಡಿಲಾಲ್ ಕೊಟ್ಟಿದ್ದಾರೆ. ಔಷಧ ಅಂಗಡಿಯವರು ಅದು ಬಿಪಿ ಮಾತ್ರೆ ಎಂದರು. ತಂದೆಗೆ ಬಿಪಿ ಇಲ್ಲ. ನಿಲ್ಲಿಸಬಹುದೇ?
– ಓದುಗರು, ಸಿಂಧನೂರು

ಉತ್ತರ: ನಿಲ್ಲಿಸಬೇಡಿ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಮೇಲಿನ ಪ್ರಶ್ನೆಯ ಪ್ರೊಪ್ರನಲಾಲ್ ಕೂಡ ಇದೇ ಗುಂಪಿನದು. ನಿಮ್ಮ ತಂದೆಗೆ ಏರಿರುವುದು ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಒತ್ತಡವಲ್ಲ. ಜಠರ, ಕರುಳು, ಗುಲ್ಮಗಳ ರಕ್ತವನ್ನು ಲಿವರಿಗೆ ಒಯ್ಯುವ ದೊಡ್ಡ ಅಭಿಧಮನಿಯ ಒತ್ತಡ ಏರಿದೆ. ಸಿರೋಸಿಸ್‌ನಿಂದ ಗಟ್ಟಿಯಾದ ಲಿವರ್ ರಕ್ತವನ್ನು ಒಳಗೆ ಬಿಡದಿದ್ದಾಗ, ಕಟ್ಟೆ ಕಟ್ಟಿದ ಕಾಲುವೆಯ ನೀರು ಬದಿಯ ತೋಡುಗಳಿಗೆ ನುಗ್ಗುವಂತೆ ಆ ರಕ್ತ ಅನ್ನನಾಳದ ತೆಳು ನಾಳಗಳಿಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಕಾರ್ವೆಡಿಲಾಲ್ ಆ ಹರಿವಿನ ಒತ್ತಡವನ್ನು ಇಳಿಸುತ್ತದೆ. ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದರೆ ಅಥವಾ ತಲೆಸುತ್ತು ಬಂದರೆ ವೈದ್ಯರಿಗೆ ತಿಳಿಸಿ, ಪ್ರಮಾಣವನ್ನು ಅವರೇ ಬದಲಿಸಲಿ.

ಮದ್ಯ ಮುಟ್ಟದವರಿಗೂ ಹೆಪಟೈಟಿಸ್ ಬಿ, ಸಿ ಸೋಂಕಿನಿಂದ ಅಥವಾ ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆ ಬರುವ ಕೊಬ್ಬಿನ ಲಿವರಿನಿಂದ ಸಿರೋಸಿಸ್ ಬರುತ್ತದೆ. ಕಾರಣ ಹುಡುಕಿಸದಿದ್ದರೆ ಈಗ ಹುಡುಕಿಸಿ. ಒಮ್ಮೆ ಬ್ಯಾಂಡ್ ಹಾಕಿದರೆ ಕೆಲಸ ಮುಗಿಯುವುದಿಲ್ಲ. ಉಬ್ಬಿದ ನಾಳಗಳು ಅಳಿಯುವವರೆಗೆ ಕೆಲವು ವಾರಗಳಿಗೊಮ್ಮೆ ಎಂಡೋಸ್ಕೋಪಿ ಆಗಬೇಕು. ಮಂಡಿ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಅಂಗಡಿಯಿಂದ ತಂದು ಕೊಡಬೇಡಿ. ಡಾಂಬರಿನಂತೆ ಕಪ್ಪಾಗಿ ಅಂಟಂಟಾದ ಮಲ ಕಂಡರೆ ವಾಂತಿಗಾಗಿ ಕಾಯದೆ ಆಸ್ಪತ್ರೆಗೆ ಹೊರಡಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದು ನಿಜ, ಆದರೆ ಯಾವುದರಿಂದ ಎಂಬುದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಬೇಡಿ.