ಅರ್ಧ ಡ್ರಯಾಡ್ ಹುಡುಗಿಯನ್ನು ಮರಕ್ಕೆ ಕಟ್ಟಿಹಾಕಬೇಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ (ಡೈಸ್ ಹಾಕುತ್ತಾ ಕಥೆಯ ಪಾತ್ರಗಳಾಗಿ ಆಡುವ ಆಟ) ನೀವು ಬರೆದ ಅರ್ಧ ಡ್ರಯಾಡ್ ಪಾತ್ರದ ಪಟ್ಟಿ ನೋಡಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಅಪ್ಪ ಮನುಷ್ಯ, ಅಮ್ಮ ಮರದಲ್ಲಿ ವಾಸಿಸುವ ಡ್ರಯಾಡ್, ಅಂದರೆ ಗ್ರೀಕ್ ಕಥೆಗಳ ವನದೇವತೆ. ಮಗಳಿಗೆ ಮ್ಯಾಜಿಕ್ ರೆಸಿಸ್ಟೆನ್ಸ್, ಮರದಿಂದ ಮರಕ್ಕೆ ದಾಟುವ ಶಕ್ತಿ, ಗಿಡ ಮತ್ತು ಪ್ರಾಣಿಗಳ ಜೊತೆ ಮಾತು. ಅದಕ್ಕೆ ಸರಿತೂಗಿಸಲು ಬೆಂಕಿಯ ಏಟು ದುಪ್ಪಟ್ಟು, ತನ್ನ ಮರದಿಂದ ಒಂದು ಮೈಲಿ ದಾಟಿದರೆ ಸೊರಗುವುದು. ಇದು ಬ್ಯಾಲೆನ್ಸ್ ಆಗಿದೆಯಾ ಅಂತ ಕೇಳಿದ್ದೀರಿ. ನಾನು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಮೈಲಿ ಲೆಕ್ಕ ಮಾತ್ರ ಬೇರೆ.

ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿ, 2014ರ ನಿಯಮಗಳು. ಡಿಎಂ, ಅಂದರೆ ಕಥೆ ನಡೆಸಿ ನಿಯಮ ನೋಡಿಕೊಳ್ಳುವವನು, ನಾನೇ. ಗೆಳತಿಯೊಬ್ಬಳು ಅರ್ಧ ಡ್ರಯಾಡ್ ಡ್ರೂಯಿಡ್ (ಪ್ರಕೃತಿಯ ಮಂತ್ರ ಬಲ್ಲವಳು) ಆಗಿ ಆಡ್ತೀನಿ ಅಂದಳು. ನಾನು ಮಾನ್‌ಸ್ಟರ್‌ಗಳ ಪುಸ್ತಕ ತೆಗೆದೆ, ಡ್ರಯಾಡ್ ಪುಟ ನೋಡಿದೆ. 22 ಹಿಟ್ ಪಾಯಿಂಟ್ (ಎಷ್ಟು ಏಟು ತಡೆಯುತ್ತದೆ ಅನ್ನುವ ಅಂಕಿ), ಚಾಲೆಂಜ್ ರೇಟಿಂಗ್ (ಎಷ್ಟು ಕಠಿಣ ಎದುರಾಳಿ ಅನ್ನುವ ಅಂಕಿ) 1. ಪಾಪದ ಪ್ರಾಣಿ ಅನ್ನಿಸಿತು. ಇದರ ಶಕ್ತಿಯಲ್ಲಿ ಅರ್ಧ ತೆಗೆದುಕೊಟ್ಟರೆ ಏನಾಗುತ್ತೆ ಮಹಾ ಅಂದುಕೊಂಡೆ.

ಮಾನ್‌ಸ್ಟರ್ ಒಂದು ಜಗಳಕ್ಕೆ ಬಂದು ಸತ್ತು ಹೋಗುತ್ತದೆ. ಅದರ ಶಕ್ತಿಗಳನ್ನು ಬರೆದಿರುವುದೇ ಆ ಹತ್ತು ನಿಮಿಷಕ್ಕೆ. ಆಟಗಾರರ ಕೈಗೆ ಬಂದ ಶಕ್ತಿ ಪ್ರತಿ ವಾರ, ಪ್ರತಿ ಜಗಳದಲ್ಲಿ ಇರುತ್ತದೆ. ಮ್ಯಾಜಿಕ್ ರೆಸಿಸ್ಟೆನ್ಸ್ ಅಂದರೆ ಸ್ಪೆಲ್‌ಗಳ, ಅಂದರೆ ಮಂತ್ರಗಳ, ವಿರುದ್ಧದ ಎಲ್ಲಾ ಸೇವಿಂಗ್ ಥ್ರೋಗೂ (ತಪ್ಪಿಸಿಕೊಳ್ಳಲು ಹಾಕುವ ಡೈಸ್) ಅಡ್ವಾಂಟೇಜ್, ಅಂದರೆ ಎರಡು ಸಲ ಡೈಸ್ ಹಾಕಿ ದೊಡ್ಡ ಅಂಕಿ ಇಟ್ಟುಕೊಳ್ಳುವುದು. 20 ಮುಖದ ಡೈಸ್‌ನಲ್ಲಿ 11 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಾದ ಕಡೆ ಶೇ. 50 ಇದ್ದ ಅವಕಾಶ ಶೇ. 75 ಆಗುತ್ತದೆ. ಖರ್ಚಿಲ್ಲ, ಮುಗಿಯುವುದೂ ಇಲ್ಲ. ಸ್ಯಾಟಿರ್ ಅನ್ನುವ ಮೇಕೆ ಕಾಲಿನ ಕುಲಕ್ಕೆ 2020ರ ಪುಸ್ತಕದಲ್ಲಿ ಇದನ್ನು ಅಧಿಕೃತವಾಗಿಯೇ ಕೊಟ್ಟಿದ್ದಾರೆ, ಗೊತ್ತು. ನನ್ನ ಟೇಬಲ್‌ನಲ್ಲಿ ಅದಕ್ಕೂ ಪ್ರವೇಶ ಇಲ್ಲ.

ಇಷ್ಟು ಕೊಟ್ಟ ಮೇಲೆ ಬೆಲೆ ವಸೂಲಿ ಮಾಡಬೇಕಲ್ಲ ಅಂತ ನಿಮ್ಮ ಹಾಗೇ ಎರಡು ದೌರ್ಬಲ್ಯ ಸೇರಿಸಿದೆ. ಬೆಂಕಿ ದುಪ್ಪಟ್ಟು. ಮರ ಹತ್ತಿರದಲ್ಲೇ ಇರಬೇಕು, ಮರ ಸತ್ತರೆ ಅವಳೂ ಸಾಯಬೇಕು. ಮೊದಲ ಸೆಷನ್‌ನಲ್ಲೇ ಅವಳು ಕೇಳಿದಳು: "ಮರಾನ ಕುಂಡದಲ್ಲಿ ಹಾಕ್ಕೊಂಡು ಬರಬಹುದಾ?" ಎಲ್ಲರೂ ನಕ್ಕರು. ನಾನೂ ನಕ್ಕು ಒಪ್ಪಿಕೊಂಡೆ.

ಅಲ್ಲಿಂದ ನಮ್ಮ ಆಟ ಕುಂಡದ ಆಟವಾಯಿತು. ಮೊಣಕಾಲೆತ್ತರದ ಓಕ್ ಸಸಿ, ಮಣ್ಣಿನ ಕುಂಡ, ಹೊರುವುದಕ್ಕೆ ತಂಡದ ಬಾರ್ಬೇರಿಯನ್ ಯೋಧ. ಹಗ್ಗ ಹಿಡಿದು ಬಂಡೆ ಹತ್ತುವಾಗ ಕುಂಡ ಮೇಲೆ ಹೋಗುವುದು ಹೇಗೆ? ದೋಣಿಯಲ್ಲಿ ಉಪ್ಪುನೀರು ಸಿಡಿದರೆ ಬೇರಿಗೆ ಏನಾಗುತ್ತದೆ? ಅರಮನೆ ಕಾವಲುಗಾರರು ಗಿಡ ಒಳಗೆ ಬಿಡ್ತಾರಾ? ಒಂದು ಸಂಜೆ ಪೂರ್ತಿ ಕುಂಡಕ್ಕೆ ಚಕ್ರ ಕೂರಿಸುವ ಚರ್ಚೆಯಲ್ಲೇ ಕಳೆಯಿತು. ಮಜಾ ಇತ್ತು, ಸುಳ್ಳು ಹೇಳಲ್ಲ.

ಈಗ ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಯಾಕೆಂದರೆ ನೀವೂ ಈಗ ನಿಂತಿರುವುದು ಅಲ್ಲೇ. ಕಾಗದದ ಮೇಲೆ ಬರೆದ ದೌರ್ಬಲ್ಯ ತಾನಾಗಿ ಏನೂ ಮಾಡುವುದಿಲ್ಲ. ಅದನ್ನು ವಸೂಲಿ ಮಾಡಬೇಕಾದವರು ಡಿಎಂ. ವಿಲನ್‌ಗೆ ಕುಂಡದ ವಿಷಯ ಗೊತ್ತಿಲ್ಲ ಅಂದುಕೊಳ್ಳಿ, ಆಗ ದೌರ್ಬಲ್ಯವೇ ಇಲ್ಲ, ಅವಳಿಗೆ ಎಲ್ಲಾ ಶಕ್ತಿಯೂ ಪುಕ್ಕಟೆ. ಗೊತ್ತಿದೆ ಅಂದುಕೊಳ್ಳಿ, ತಲೆ ನೆಟ್ಟಗಿರುವ ಯಾವ ವಿಲನ್ ಆದರೂ ಮೊದಲು ಕುಂಡಕ್ಕೇ ಬೆಂಕಿ ಇಡುತ್ತಾನೆ. ಅಂದರೆ ನನ್ನ ವಿಲನ್‌ಗಳೆಲ್ಲ ದಡ್ಡರಾಗಬೇಕು, ಇಲ್ಲ ಅವಳು ಸಾಯಬೇಕು. ತಿಂಗಳುಗಟ್ಟಲೆ ನಾನು ದಡ್ಡ ವಿಲನ್‌ಗಳನ್ನೇ ಸಾಕಿದೆ. ಉಳಿದ ಆಟಗಾರರಿಗೆ ಅದು ಗೊತ್ತಾಗುತ್ತಿತ್ತು. ಒಬ್ಬ ಬಾಯಿಬಿಟ್ಟು ಹೇಳಿಯೂ ಹೇಳಿದ: "ಅವಳ ಗಿಡಕ್ಕೆ ಮಾತ್ರ ಯಾಕೆ ಇನ್ಶೂರೆನ್ಸ್?"

ಇನ್ನೊಂದು ವಿಷಯ. ಶಕ್ತಿ ದಿನಾ ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತದೆ. ದೌರ್ಬಲ್ಯ ಒಂದೇ ದಿನ ಬಂದು ಎಲ್ಲಾ ಮುಗಿಸುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸಮ ಆಯಿತು ಅನ್ನುವುದು ಸುಮ್ನೆ ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನ.

ಆ ಇನ್ಶೂರೆನ್ಸ್ ಮಾತು ನನಗೆ ಚುಚ್ಚಿತ್ತು. ಆಟಗಾರರ ತಂಡ ಐದನೇ ಲೆವೆಲ್‌ಗೆ ಬಂದಾಗ, ಮುಂದಿನ ವಿಲನ್ ಬುದ್ಧಿವಂತನೇ ಆಗಲಿ ಅಂತ ಕೂಲಿಗೆ ಬಂದ ಒಬ್ಬ ವಿಝರ್ಡ್‌ನ ಕೈಗೆ ಫೈರ್‌ಬಾಲ್ ಅನ್ನುವ ಬೆಂಕಿ ಸ್ಪೆಲ್ ಕೊಟ್ಟೆ. 8 ಆರು-ಮುಖದ ಡೈಸ್‌ನಷ್ಟು ಏಟು, ಸರಾಸರಿ 28. ಅವಳ ಹಿಟ್ ಪಾಯಿಂಟ್ 38. ಬೇರೆಯವರಾಗಿದ್ದರೆ ಮೈ ಸುಟ್ಟುಕೊಂಡು ನಿಂತಿರುತ್ತಿದ್ದರು. ಅಡ್ವಾಂಟೇಜ್ ಇದ್ದೂ ಎರಡು ಡೈಸ್‌ನಲ್ಲೂ ಸಣ್ಣ ಅಂಕಿ ಬಿತ್ತು. ದುಪ್ಪಟ್ಟಾಗಿ 56. ಸೊನ್ನೆಗೆ ಇಳಿದಳು. ಅಷ್ಟೇ ಆಗಿದ್ದರೆ ತಂಡದಲ್ಲಿ ಗಾಯ ವಾಸಿಮಾಡುವ ಕ್ಲೆರಿಕ್ ಎಬ್ಬಿಸುತ್ತಿದ್ದ. ಆದರೆ ಕುಂಡ ಪಕ್ಕದಲ್ಲೇ ಇತ್ತು. ಫೈರ್‌ಬಾಲ್ ನಿಯಮ ಓದಿದ್ದೀರಲ್ಲ, ಯಾರೂ ಧರಿಸದ, ಹೊತ್ತಿರದ ವಸ್ತುಗಳಿಗಷ್ಟೇ ಬೆಂಕಿ ಹತ್ತುತ್ತದೆ. ಬಾರ್ಬೇರಿಯನ್ ಬೆನ್ನ ಮೇಲೆ ಇದ್ದಿದ್ದರೆ ಸಸಿ ಉಳಿಯುತ್ತಿತ್ತು. ಅವನು ಕೊಡಲಿ ಬೀಸಲು ಅಡ್ಡ ಆಗುತ್ತದೆ ಅಂತ ಆ ಸುತ್ತಿನಲ್ಲೇ ಕೆಳಗಿಟ್ಟಿದ್ದ. ಎಲ್ಲರೂ ನನ್ನ ಮುಖ ನೋಡಿದರು. ನಾನು ನಿಯಮ ಓದಿದೆ, ಸಸಿ ಸುಟ್ಟಿತು ಅಂದೆ. ಮರ ಸತ್ತರೆ ಅವಳೂ ಸಾಯಬೇಕು ಅಂತ ಬರೆದವನೂ ನಾನೇ.

ಬದುಕಿಸಲು ಒದ್ದಾಡಿದರು. ಸತ್ತವರನ್ನು ಎಬ್ಬಿಸುವ ರೇಸ್ ಡೆಡ್ ಸ್ಪೆಲ್‌ಗೆ 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಅವರ ಬಳಿ ಇರಲಿಲ್ಲ. ಕಾಡಿನ ಹಿರಿಯ ಡ್ರೂಯಿಡ್ ಹತ್ತಿರ ರೀಇನ್ಕಾರ್ನೇಟ್ (ಹೊಸ ದೇಹದಲ್ಲಿ ಮರುಹುಟ್ಟು ಕೊಡುವ ಸ್ಪೆಲ್) ಮಾಡಿಸೋಣ ಅಂದರು. ಆ ಸ್ಪೆಲ್ ನಡೆಯುವುದು ಹ್ಯೂಮನಾಯ್ಡ್‌ಗೆ, ಅಂದರೆ ಮನುಷ್ಯರಂಥ ಜೀವಿಗಳಿಗೆ ಮಾತ್ರ. ನಾನು ಚೆಂದ ಕಾಣಲಿ ಅಂತ ಅವಳ ಟೈಪ್ (ಯಾವ ಬಗೆಯ ಜೀವಿ ಅನ್ನುವುದು) ಜಾಗದಲ್ಲಿ 'ಫೇ', ಅಂದರೆ ಯಕ್ಷಿಣಿ ಲೋಕದ ಜೀವಿ ಅಂತ ಬರೆದಿದ್ದೆ. ಅವಳು ಶೀಟ್ ಮಡಚಿ ಬ್ಯಾಗ್‌ಗೆ ಹಾಕಿಕೊಂಡಳು. "ಮುಂದಿನ ವಾರ ಆಗಲ್ಲ" ಅಂತ ಮೆಸೇಜ್ ಬಂತು. ಆಮೇಲಿನ ವಾರವೂ ಆಗಲಿಲ್ಲ. ಈಗ ಬೇರೆ ಕಡೆ ಆಡ್ತಾಳೆ ಅಂತ ಕೇಳಿದೆ.

ಇದೆಲ್ಲ ಮುಗಿದ ಮೇಲೆ ನಾನು ಮೂಲ ಗ್ರೀಕ್ ಕಥೆಗಳನ್ನು ಹುಡುಕಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಹಮಡ್ರಯಾಡ್ (ಒಂದೇ ಮರಕ್ಕೆ ಅಂಟಿಕೊಂಡ ಡ್ರಯಾಡ್) ಆಯುಸ್ಸು ಮರದ ಆಯುಸ್ಸಿನಷ್ಟೇ, ಅದು ನಿಜ. ಆದರೆ ಮಕ್ಕಳ ಕಥೆ ನೋಡಿ. ಆರ್ಕಾಸ್ ಅಂತ ಒಬ್ಬ, ಆರ್ಕೇಡಿಯಾ ಅನ್ನುವ ಸೀಮೆಗೆ ಹೆಸರು ಬಂದದ್ದೇ ಅವನಿಂದ. ಬೇಟೆಗೆ ಹೋದಾಗ ಉಕ್ಕಿದ ಹೊಳೆ ಒಂದು ಓಕ್ ಮರದ ಬುಡ ಕೊರೆಯುತ್ತಿತ್ತು. ಅದರಲ್ಲಿದ್ದ ಕ್ರಿಸೊಪೆಲಿಯಾ ಕಾಪಾಡು ಅಂತ ಬೇಡಿಕೊಂಡಳು. ಅವನು ನೀರನ್ನು ಬೇರೆ ಕಡೆ ತಿರುಗಿಸಿ, ಬುಡಕ್ಕೆ ಮಣ್ಣು ಏರಿಸಿ ಮರ ಉಳಿಸಿದ. ಅವರಿಬ್ಬರ ಮಕ್ಕಳು ಎಲಾಟಸ್ ಮತ್ತು ಅಫೀಡಸ್. ಆರ್ಕೇಡಿಯಾದ ರಾಜವಂಶಗಳು ಇವರಿಂದ ಬಂದವು. ಅವರು ನೆಲ ಹಂಚಿಕೊಂಡು ಆಳಿದರು, ಮದುವೆಯಾದರು, ಮಕ್ಕಳು ಮಾಡಿಕೊಂಡರು. ಅವರು ಅಮ್ಮನ ಮರ ಬಿಟ್ಟು ಕದಲಬಾರದು ಅನ್ನುವ ಮಾತೇ ಇಲ್ಲ.

ಅಂದರೆ ಮರದ ಕಟ್ಟು ಇರುವುದು ಅಮ್ಮನಿಗೆ. ಮಗಳಿಗಲ್ಲ. ನಿಮ್ಮ ಪ್ರಶ್ನೆಯ ಬುಡದಲ್ಲೇ ತೊಂದರೆ ಇದೆ ಅಂತ ನಾನು ಹೇಳುವುದು ಇದಕ್ಕೇ. ಅರ್ಧ ಡ್ರಯಾಡ್ ಅಂದ ತಕ್ಷಣ ಅಮ್ಮನ ಶಕ್ತಿಯಲ್ಲಿ ಅರ್ಧ, ಅಮ್ಮನ ಕಷ್ಟದಲ್ಲಿ ಅರ್ಧ ಅಂತ ಭಾಗ ಮಾಡಲು ಕೂತಿದ್ದೀರಿ. ಮಗಳು ಎಲ್ಲಿಗೆ ಬೇಕಾದರೂ ಹೋಗುವವಳು, ಅಮ್ಮ ಎಲ್ಲಿಗೂ ಬರಲಾರದವಳು. ಆಟಕ್ಕೆ ಬೇಕಾದ್ದು ಅಲ್ಲೇ ಇದೆ, ಅಲ್ವಾ? ಅಮ್ಮನ ತೋಪಿನ ಹತ್ತಿರ ಹಡಗು ಕಟ್ಟುವವರು ಬಂದಿದ್ದಾರೆ ಅಂತ ಒಂದು ಸುದ್ದಿ ಬರಲಿ. ಹೋಗುವುದೋ, ಹಿಡಿದ ಕೆಲಸ ಮುಗಿಸುವುದೋ ಅವಳೇ ತೀರ್ಮಾನ ಮಾಡಲಿ. ಮರ ಬಿದ್ದರೂ ನಿಮ್ಮ ಆಟಗಾರ್ತಿ ಮುಂದಿನ ಭಾನುವಾರ ಅದೇ ಕ್ಯಾರೆಕ್ಟರ್ ಹಿಡಿದು ಬರುತ್ತಾಳೆ, ಸಿಟ್ಟು ಹೊತ್ತುಕೊಂಡು.

ಅಂಕಿಗಳಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2014ರ ಪುಸ್ತಕದ ಹಾಫ್-ಎಲ್ಫ್ (ಅರ್ಧ ಮನುಷ್ಯ, ಅರ್ಧ ಎಲ್ಫ್) ಕುಲವನ್ನು ತೆಗೆದುಕೊಳ್ಳಿ. ಅದರಲ್ಲಿ ಫೇ ಆನ್ಸೆಸ್ಟ್ರಿ ಆಗಲೇ ಇದೆ, ಚಾರ್ಮ್ (ಮರುಳು ಮಾಡುವುದು) ವಿರುದ್ಧ ಅಡ್ವಾಂಟೇಜ್, ಮಂತ್ರದಿಂದ ನಿದ್ದೆ ಬರಿಸಲು ಆಗುವುದಿಲ್ಲ. ಎರಡು ಹೆಚ್ಚುವರಿ ಸ್ಕಿಲ್ ತೆಗೆದುಹಾಕಿ, ಆ ಜಾಗದಲ್ಲಿ ಗಿಡ-ಪ್ರಾಣಿ ಮಾತು ಮತ್ತು ಮರ ದಾಟುವುದನ್ನು ಕೂರಿಸಿ. ಮಾತು ಫರ್ಬೋಲ್ಗ್ ಅನ್ನುವ ಇನ್ನೊಂದು ಕುಲಕ್ಕೆ ಇರುವ ಹಾಗೆ ಇರಲಿ, ಅವಳು ಹೇಳಿದ್ದು ಅವಕ್ಕೆ ತಿಳಿಯುತ್ತದೆ, ಅವು ಹೇಳಿದ್ದು ಅವಳಿಗೆ ತಿಳಿಯುವುದಿಲ್ಲ. ಇಲ್ಲದಿದ್ದರೆ ದಾರಿಬದಿಯ ಪ್ರತಿ ಪೊದೆಯನ್ನೂ ನಿಲ್ಲಿಸಿ ವಿಚಾರಣೆ ಮಾಡ್ತಾಳೆ, ಪೊದೆಗಳ ದನಿಯಲ್ಲಿ ಮಾತಾಡಬೇಕಾದವರು ನೀವು.

ಮರ ದಾಟುವುದನ್ನು ಶಾರ್ಟ್ ರೆಸ್ಟ್‌ಗೆ (ಆಟದೊಳಗಿನ ಸಣ್ಣ ವಿಶ್ರಾಂತಿ) ಒಂದು ಸಲ ಕೊಡಿ. ಒಂದಕ್ಕೊಂದು 60 ಅಡಿ ಒಳಗೆ ಎರಡು ದೊಡ್ಡ ಜೀವಂತ ಮರ ಇರಲೇಬೇಕು ಅನ್ನುವ ಡ್ರಯಾಡ್ ನಿಯಮವನ್ನು ಹಾಗೇ ಇಟ್ಟುಕೊಳ್ಳಿ. ಮಿಸ್ಟಿ ಸ್ಟೆಪ್ ಅನ್ನುವ ಜಾಗ ಜಿಗಿಯುವ ಸ್ಪೆಲ್ ಬರುವುದು ಮೂರನೇ ಲೆವೆಲ್‌ಗೆ, ಅದೂ 30 ಅಡಿ, ಮೇಲೆ ಸ್ಪೆಲ್ ಸ್ಲಾಟ್ (ಇಷ್ಟೇ ಸಲ ಅಂತ ಇರುವ ಮಂತ್ರದ ಲೆಕ್ಕ) ಖರ್ಚು. ಆ ಲೆಕ್ಕದಲ್ಲಿ ಇದು ದುಬಾರಿ ಉಡುಗೊರೆ. ಆದರೆ ಗುಹೆಯಲ್ಲಿ, ಊರಿನ ಬೀದಿಯಲ್ಲಿ, ಹಡಗಿನ ಮೇಲೆ ಇದು ತಾನಾಗಿಯೇ ಸತ್ತುಬಿದ್ದಿರುತ್ತದೆ. ಮಿತಿ ಅಂದರೆ ಹೀಗಿರಬೇಕು, ವಿಲನ್ ಬಂದು ವಸೂಲಿ ಮಾಡುವ ಕೆಲಸ ಇರಬಾರದು.

ಟೈಪ್ ಹ್ಯೂಮನಾಯ್ಡ್ ಆಗಿಯೇ ಇರಲಿ. ಫೇ ಅಂತ ಬರೆದರೆ ಹ್ಯೂಮನಾಯ್ಡ್‌ಗಳಿಗಷ್ಟೇ ತಾಗುವ ಚಾರ್ಮ್ ಪರ್ಸನ್, ಹೋಲ್ಡ್ ಪರ್ಸನ್ (ಅಲುಗದಂತೆ ಹಿಡಿದಿಡುವುದು) ಸ್ಪೆಲ್ ಎರಡೂ ಅವಳನ್ನು ಮುಟ್ಟುವುದಿಲ್ಲ, ಅದೇ ಒಂದು ದೊಡ್ಡ ಶಕ್ತಿ. ರೀಇನ್ಕಾರ್ನೇಟ್ ಕಥೆ ಮೇಲೆ ಹೇಳಿದ್ದೀನಿ. ಬೆಂಕಿಗೆ ಹೆದರಬೇಕು ಅಂತ ಅವಳಿಗೆ ಆಸೆ ಇದ್ದರೆ ಹೆದರುವ ಹಾಗೆ ಆಡಲಿ, ದುಪ್ಪಟ್ಟು ಗಿಪ್ಪಟ್ಟು ಬೇಡ.

ನೀವು 2024ರ ಪುಸ್ತಕದಲ್ಲಿ ಆಡುತ್ತಿದ್ದರೆ ಅದರಲ್ಲಿ ಹಾಫ್-ಎಲ್ಫ್ ಬೇರೆ ಆಯ್ಕೆಯಾಗಿ ಇಲ್ಲ. ವುಡ್ ಎಲ್ಫ್ ತೆಗೆದುಕೊಂಡು ಹೆಸರು ಬದಲಾಯಿಸಿ. 35 ಅಡಿ ವೇಗ, ಡ್ರೂಯಿಡ್‌ಕ್ರಾಫ್ಟ್ (ಪ್ರಕೃತಿಯ ಸಣ್ಣ ಮಂತ್ರ), ಐದನೇ ಲೆವೆಲ್‌ಗೆ ಪಾಸ್ ವಿತೌಟ್ ಟ್ರೇಸ್ (ಸುಳಿವು ಬಿಡದೆ ಸಾಗುವ ಮಂತ್ರ), ಎಲ್ಲಾ ಕಾಡಿನ ಹುಡುಗಿಗೆ ಒಪ್ಪುವಂಥದ್ದೇ. ಉಳಿದದ್ದನ್ನು ಆಟಗಾರ್ತಿಯ ಹತ್ತಿರ ಕೂತು ಕೇಳಿ: ಅಮ್ಮನ ಮರ ಎಲ್ಲಿದೆ, ಕೊನೆಯ ಸಲ ಹೋದದ್ದು ಯಾವಾಗ, ಅಪ್ಪ ಇನ್ನೂ ಅಲ್ಲಿಗೆ ಹೋಗ್ತಾನಾ. ಮೂರನೆಯದಕ್ಕೆ ಅವಳು ಉತ್ತರ ಕೊಡದೆ ಯೋಚನೆಗೆ ಬಿದ್ದರೆ, ಮೊದಲ ಅಡ್ವೆಂಚರ್ ಅಲ್ಲಿಂದಲೇ ಶುರು ಮಾಡಿ.